ಮಾಳಿಗೆಯೋ ಸ್ಲ್ಯಾಬೋ: ತಾಪಮಾನ ಬರೆದಿಡುವ ಬೋರ್ಡನ್ನು ಮನೆಯಲ್ಲೇ ಮಾಡಿದ ಕಥೆ

ಮೊನ್ನೆ ಭಾನುವಾರ ಬೆಳಿಗ್ಗೆ ತಾಪಮಾನದ ಬೋರ್ಡಿನಿಂದ ಮೆಮೊರಿ ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿದೆ. ಫೈಲಿನಲ್ಲಿ 3024 ಸಾಲು ಇದ್ದವು. ಹತ್ತು ನಿಮಿಷಕ್ಕೆ ಒಂದು ಸಾಲು, ದಿನಕ್ಕೆ 144, ಮೂರು ವಾರ. ಒಂದು ಸಾಲೂ ತಪ್ಪಿರಲಿಲ್ಲ. ಅದನ್ನು ನೋಡಿ ನನಗೆ ಆದ ಸಂತೋಷ ಮನೆಯವರಿಗೆ ಅರ್ಥ ಮಾಡಿಸೋದು ಕಷ್ಟ. ಈ 3024 ಸಾಲಿಗಾಗಿ ಮೂರು ತಿಂಗಳು ಓಡಾಡಿದ್ದೇನೆ. ಬೇರೆ ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ನಾನು ಸಿಕ್ಕಿಬಿದ್ದ ಕಡೆ ಅವರು ಸಿಕ್ಕಿಬೀಳದಿರಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ನಾನು ರೈಸ್‌ಮಿಲ್‌ನಲ್ಲಿ ಎಲೆಕ್ಟ್ರಿಷಿಯನ್. ಮೋಟರು, ಸ್ಟಾರ್ಟರು, ಪ್ಯಾನೆಲ್ ಬೋರ್ಡು ಕೈಗೆ ಪಳಗಿವೆ. ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್ಪು, ಮಾತ್ರ ಹೊಸದು. ಶುರುವಾಗಿದ್ದು ಮನೆಯ ಒಂದು ಮಾತಿನಿಂದ. ನಮ್ಮ ಹಳೇ ಮನೆ ಮಾಳಿಗೆ ಮನೆ. ತೊಲೆ, ಜಂತಿ, ಹಲಗೆ, ಅದರ ಮೇಲೆ ಸವಳು ಮಣ್ಣು. ಪಕ್ಕದಲ್ಲೇ ಅಣ್ಣ ಹಾಕಿಸಿದ ಆರ್‌ಸಿಸಿ ಕೋಣೆ ಇದೆ. ಸಂಕ್ರಾಂತಿ ಮುಗಿದ ಮೇಲೆ ಅಪ್ಪ ಹೇಳಿದರು: "ಈ ವರ್ಷ ಮಾಳಿಗಿ ಕೆಡವಿ ಸ್ಲ್ಯಾಬ್ ಹಾಕ್ಸಿಬಿಡಾಮು. ಮಳಿ ಬಂದ್ರ ಸೋರ್ತೈತಿ." ಅವ್ವ ಒಪ್ಪಲಿಲ್ಲ. "ಸ್ಲ್ಯಾಬಿನ ಕೋಣ್ಯಾಗ ಬ್ಯಾಸಗಿ ರಾತ್ರಿ ಮಲಗಾಕ ಆಗಂಗಿಲ್ಲ" ಅಂದಳು. ಎಷ್ಟು ವ್ಯತ್ಯಾಸ ಇದೆ ಅಂತ ಅಳೆದು ನೋಡೋಣ, ಆಮೇಲೆ ತೀರ್ಮಾನ ಮಾಡೋಣ ಅಂತ ನಾನು ಹೇಳಿದೆ. ಅಪ್ಪ ಆಗಲಿ ಅಂದರು.

ಮೊದಲು ಗೋಡೆಗೆ ಹಾಕುವ ಥರ್ಮಾಮೀಟರ್ ತಂದು ಎರಡೂ ಕಡೆ ಇಟ್ಟೆ. ಅವ್ವ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಆದರೆ ನಮಗೆ ಬೇಕಾಗಿದ್ದು ರಾತ್ರಿಯ ಲೆಕ್ಕ. ಹನ್ನೊಂದಕ್ಕೆ, ಎರಡಕ್ಕೆ ಎದ್ದು ಯಾರು ಬರೆಯಬೇಕು? ತಾಪಮಾನವನ್ನು ತಾನೇ ಬರೆದಿಡುವ ರೆಡಿಮೇಡ್ ಲಾಗರ್ ವಿಚಾರಿಸಿದೆ. ನಾಲ್ಕು ಸೆನ್ಸರ್ ಹಾಕುವಂಥದ್ದು ನನ್ನ ಕೈಗೆ ಎಟುಕಲಿಲ್ಲ. ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗ ಫೋನಿನಲ್ಲಿ ಹೇಳಿದ: "ಮಾಮ, ನೀನೇ ಮಾಡು. ನನ್ನ ಆರ್ಡುಯಿನೋ ಯುನೋ ಕೊಡ್ತೀನಿ."

ಮೈಕ್ರೋಕಂಟ್ರೋಲರ್ ಕೂರಿಸಿದ ಅವನ ಯುನೋ ಬೋರ್ಡು, ಬೆಸುಗೆ ಇಲ್ಲದೇ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡು, ಸ್ಟೀಲ್ ಕೊಳವೆಯೊಳಗೆ ಇರುವ ಡಿಎಸ್18ಬಿ20 ಸೆನ್ಸರ್ ನಾಲ್ಕು. ಎರಡು ಸಂಜೆಯಲ್ಲಿ ಪರದೆ ಮೇಲೆ ತಾಪಮಾನ ಬಂತು. ಈ ಸೆನ್ಸರ್‌ನ ಒಳ್ಳೇ ಗುಣ ಅಂದರೆ ನಾಲ್ಕನ್ನೂ ಒಂದೇ ಡೇಟಾ ತಂತಿಗೆ ಕಟ್ಟಬಹುದು. ಪ್ರತಿಯೊಂದಕ್ಕೂ ಕಾರ್ಖಾನೆಯಲ್ಲೇ ಬರೆದ 64 ಬಿಟ್ ಗುರುತಿನ ಸಂಖ್ಯೆ ಇರುತ್ತದೆ. ಒಂದೊಂದನ್ನೇ ಜೋಡಿಸಿ, ಸಂಖ್ಯೆ ಓದಿ, ತಂತಿಗೆ ಟೇಪ್ ಸುತ್ತಿ 1, 2, 3, 4 ಅಂತ ಬರೆದುಕೊಳ್ಳಿ. ಇದನ್ನು ಮೊದಲ ದಿನವೇ ಮಾಡಿ. ಡೇಟಾ ತಂತಿ ಮತ್ತು ಪವರ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಬೇಕೇ ಬೇಕು. ನಾನು ಮರೆತಿದ್ದೆ, −127 ಅಂತ ಬರುತ್ತಿತ್ತು. −127 ಕಂಡರೆ ಸೆನ್ಸರ್ ಸಿಕ್ಕಿಲ್ಲ ಅಂತ ಅರ್ಥ.

ಇನ್ನೊಂದು ಕೆಲಸ ಆಗಲೇ ಮಾಡಿದ್ದು ಒಳ್ಳೇದಾಯ್ತು. ಲೋಟದ ತುಂಬ ಐಸ್ ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ನಾಲ್ಕೂ ಸೆನ್ಸರ್ ಕಟ್ಟಿ ಅದ್ದಿದೆ. ಸೊನ್ನೆ ಬರಬೇಕು. ಒಂದು 0.3 ತೋರಿಸಿತು, ಇನ್ನೊಂದು −0.2. ಕಂಪನಿಯವರು ಹೇಳುವುದೇ ಅರ್ಧ ಡಿಗ್ರಿ ಆಚೀಚೆ ಅಂತ. ಆ ವ್ಯತ್ಯಾಸವನ್ನು ಬರೆದಿಟ್ಟು ಪ್ರೋಗ್ರಾಮಿನಲ್ಲಿ ಕಳೆದುಕೊಂಡೆ. ಮನೆಯಲ್ಲಿ ಇಬ್ಬರ ನಡುವೆ ನ್ಯಾಯ ಹೇಳೋಕೆ ಹೊರಟಾಗ ತಕ್ಕಡಿ ಸರಿ ಇರಬೇಕು ಅಲ್ವಾ?

ಹಾಗಾದರೆ ಯುನೋದಲ್ಲೇ ಬಿಡಬಹುದಿತ್ತಲ್ಲ, ಬೇರೆ ಬೋರ್ಡು ಯಾಕೆ ಅಂತ ಕೇಳಬಹುದು. ಕರೆಂಟು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಬ್ಯಾಟರಿ ಮೇಲೆ ನಡೆಯಬೇಕು. ಮಲ್ಟಿಮೀಟರ್ ಹಾಕಿ ನೋಡಿದೆ. ಯುನೋ ಸುಮ್ನೆ ಕೂತಾಗಲೇ 48 ಮಿಲಿಆ್ಯಂಪ್ ಎಳೆಯುತ್ತಿತ್ತು. 2500 ಮಿಲಿಆ್ಯಂಪ್-ಅವರ್ ಇರುವ, ಚಾರ್ಜ್ ಮಾಡಬಹುದಾದ 18650 ಸೆಲ್ಲು ಎರಡು ದಿನಕ್ಕೆ ಮುಗಿಯುತ್ತದೆ. ಯುನೋದಲ್ಲಿ ಯುಎಸ್‌ಬಿಗೆ ಬೇರೆ ಚಿಪ್ಪು, ದೀಪ, ವೋಲ್ಟೇಜ್ ಇಳಿಸಿ ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್ ಎಲ್ಲ ಇವೆ. ನನಗೆ ಅವು ಬೇಡ. ಯುನೋದ ಮುಖ್ಯ ಚಿಪ್ಪು ಎಟಿಮೆಗಾ328ಪಿ ಒಂದೇ ಸಾಕು. 28 ಪಿನ್, 32 ಕಿಲೋಬೈಟ್ ಪ್ರೋಗ್ರಾಂ ಜಾಗ, ನಿದ್ದೆ ಮಾಡಿಸಿದರೆ ಕೆಲವೇ ಮೈಕ್ರೋಆ್ಯಂಪ್.

ಸಾಮಾನು ಕೂಡಿಸೋಕೇ ಮೂರು ವಾರ ಹೋಯಿತು. ಸಿಂಧನೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಸೋಲ್ಡರ್ ತಂತಿ, ಫ್ಲಕ್ಸ್ ಸಿಕ್ಕವು. ಚಿಪ್ಪು ಸಿಗಲಿಲ್ಲ. ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ಬೆಂಗಳೂರಿನ ಎಸ್‌ಪಿ ರೋಡಿಗಿಂತ ನಮಗೆ ಹೈದರಾಬಾದ್ ಹತ್ತಿರ. ರಾಯಚೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರೈಲು ಹತ್ತಿ ಕೋಠಿಯ ಗುಜರಾತಿ ಗಲ್ಲಿ ಸೇರಿದೆ. ಅಲ್ಲಿ ಚಿಪ್ಪು ಎರಡು, ಐಸಿ ಸಾಕೆಟ್, ಕೆಪಾಸಿಟರ್, ತಾಮ್ರದ ಹಾಳೆ ಅಂಟಿಸಿದ ಬೋರ್ಡು, ಬೇಡದ ತಾಮ್ರವನ್ನು ತಿನ್ನಿಸುವ ಫೆರಿಕ್ ಕ್ಲೋರೈಡ್ ಎಲ್ಲ ಸಿಕ್ಕವು. ಚಿಪ್ಪು ಯಾವಾಗಲೂ ಎರಡು ತಗೊಳ್ಳಿ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ. ಸಿಗದೇ ಇದ್ದದ್ದು ಎಂಸಿಪಿ1700 ಅನ್ನುವ ಪುಟ್ಟ ರೆಗ್ಯುಲೇಟರ್. ಅಂಗಡಿಯವರು ಎಎಂಎಸ್1117 ಕೊಟ್ಟರು, 3.3 ವೋಲ್ಟ್ ಎರಡೂ ಒಂದೇ ಅಂದರು.

ಎರಡೂ ಒಂದೇ ಅಲ್ಲ. ಇದನ್ನು ತಿಳಿಯೋಕೆ ನನಗೆ ಒಂದು ವಾರ ಬೇಕಾಯಿತು. ಎಎಂಎಸ್1117ಗೆ ಒಳಗೆ ಬರುವ ವೋಲ್ಟೇಜು ಹೊರಗೆ ಕೊಡುವುದಕ್ಕಿಂತ ಒಂದು ವೋಲ್ಟಿಗೂ ಜಾಸ್ತಿ ಇರಬೇಕು. ಪೂರ್ತಿ ಚಾರ್ಜ್ ಆದ ಸೆಲ್ಲೇ 4.2 ವೋಲ್ಟ್. ಅಂದರೆ ಮೊದಲ ದಿನದಿಂದಲೇ ಕೊರತೆ. ಮೇಲಾಗಿ ಅದು ತಾನೊಂದೇ 5 ಮಿಲಿಆ್ಯಂಪ್ ತಿನ್ನುತ್ತದೆ. ಎಂಸಿಪಿ1700 ತಿನ್ನುವುದು 2 ಮೈಕ್ರೋಆ್ಯಂಪಿಗಿಂತ ಕಡಿಮೆ. ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಪಾರ್ಸೆಲ್ ಒಂಬತ್ತು ದಿನ ತಗೊಂಡಿತು. ಅದರಲ್ಲಿ ನಾಲ್ಕು ದಿನ ನಮ್ಮ ತಾಲ್ಲೂಕಿಗೆ ಬಂದು ಸುಮ್ನೆ ಕೂತಿತ್ತು. ಹಳ್ಳಿಯ ವಿಳಾಸ ಕೊಡುವ ಬದಲು ನೀವು ಕೆಲಸ ಮಾಡುವ ಜಾಗದ ವಿಳಾಸ ಕೊಡಿ. ಎರಡನೇ ಪಾರ್ಸೆಲ್ ಮಿಲ್ಲಿಗೆ ತರಿಸಿದೆ, ಐದು ದಿನಕ್ಕೆ ಬಂತು.

ಕಾಯುತ್ತಿದ್ದ ದಿನಗಳಲ್ಲಿ ಚಿಪ್ಪಿನ ಡೇಟಾಶೀಟ್, ಅಂದರೆ ಕಂಪನಿಯ ಮಾಹಿತಿ ಪುಸ್ತಕ, ಓದಿದೆ. ನೂರಾರು ಪುಟ ಇದೆ, ಹೆದರಬೇಡಿ. ಪಿನ್ ಚಿತ್ರ, ವೋಲ್ಟೇಜು ಮತ್ತು ವೇಗದ ಪಟ್ಟಿ, ನಿದ್ದೆಯ ಅಧ್ಯಾಯ, ಇಷ್ಟು ಪ್ರಿಂಟ್ ತೆಗೆಸಿಕೊಂಡರೆ ಸಾಕು. ಆ ಪಟ್ಟಿಯಲ್ಲೇ ಗೊತ್ತಾಗಿದ್ದು: 3.3 ವೋಲ್ಟಿನಲ್ಲಿ ಈ ಚಿಪ್ಪನ್ನು 16 ಮೆಗಾಹರ್ಟ್ಸ್‌ನಲ್ಲಿ ಓಡಿಸುವಂತಿಲ್ಲ. 8ರಲ್ಲಿ ಓಡಿಸಬಹುದು. ಚಿಪ್ಪಿನ ಕೆಲಸಕ್ಕೆ ತಾಳ ಹಾಕುವ 8 ಮೆಗಾಹರ್ಟ್ಸ್ ಗಡಿಯಾರ ಚಿಪ್ಪಿನೊಳಗೇ ಇದೆ. ಹಾಗಾಗಿ ಅದೇ ತಾಳ ಹೊರಗಿನಿಂದ ಕೊಡುವ ಕ್ರಿಸ್ಟಲ್ ಬೇಡ ಅಂತ ತೀರ್ಮಾನಿಸಿದೆ.

ಬೋರ್ಡಿನ ನಕ್ಷೆಯನ್ನು ಕೀಕ್ಯಾಡ್ ಅನ್ನುವ ಸಾಫ್ಟ್‌ವೇರಿನಲ್ಲಿ ಬರೆದೆ. ಪೂರ್ತಿ ಉಚಿತ. ಮೂರು ರಾತ್ರಿ ಹಿಡಿಯಿತು. ಮನೆಯಲ್ಲಿ ಮಾಡುವ ಬೋರ್ಡಿಗೆ ಗೆರೆ 0.8 ಮಿಲಿಮೀಟರಿಗಿಂತ ಸಣ್ಣದು ಬೇಡ, ಬೆಸುಗೆಯ ಬಿಲ್ಲೆ 2 ಮಿಲಿಮೀಟರ್ ಇರಲಿ. 7ನೇ ಮತ್ತು 8ನೇ ಪಿನ್ ನಡುವೆ ಒಂದು, 20 ಮತ್ತು 22ರ ನಡುವೆ ಒಂದು, ಹೀಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಎರಡನ್ನು ಚಿಪ್ಪಿಗೆ ಅಂಟಿದ ಹಾಗೆ ಇಡಿ. ಮೊದಲನೇ ಪಿನ್ ರಿಸೆಟ್, ಅದಕ್ಕೆ ಪವರ್‌ನಿಂದ 10 ಕಿಲೋ ಓಮ್.

ನಕ್ಷೆಯನ್ನು ತಾಮ್ರಕ್ಕೆ ಇಳಿಸೋದು ಹೇಗೆ? ಲೇಸರ್ ಪ್ರಿಂಟರಿನಲ್ಲಿ ನುಣುಪು ಹಾಳೆ ಮೇಲೆ ಮುದ್ರಿಸಿ, ತಾಮ್ರದ ಮೇಲೆ ಬೋರಲು ಇಟ್ಟು, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಬೇಕು. ಟೋನರ್ ಕರಗಿ ತಾಮ್ರಕ್ಕೆ ಅಂಟುತ್ತದೆ. ಇಂಕ್‌ಜೆಟ್ಟಿನಿಂದ ಆಗುವುದಿಲ್ಲ. ಜೆರಾಕ್ಸ್ ಅಂಗಡಿಯವರು ಮೊದಲು ಒಪ್ಪಲಿಲ್ಲ, ಮಷೀನಿನಲ್ಲಿ ಸಿಕ್ಕಿಕೊಳ್ಳುತ್ತೆ ಅಂದರು. ಅವರು ಒಪ್ಪದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ, ಆ ಮಷೀನೇ ಅವರ ಅನ್ನ. ಸುಕ್ಕಿಲ್ಲದ, ಮಡಿಕೆಯಿಲ್ಲದ ಹಾಳೆ ತೋರಿಸಿ, ಜನ ಇಲ್ಲದ ಮಧ್ಯಾಹ್ನ ಹೋಗಿ ಕೇಳಿದ ಮೇಲೆ ಮಾಡಿಕೊಟ್ಟರು. ನಾಲ್ಕು ಪ್ರತಿ, 40 ರೂಪಾಯಿ.

ಮೊದಲ ಬೋರ್ಡು ಪೂರ್ತಿ ಹಾಳಾಯಿತು. ಟೋನರ್ ಚೆನ್ನಾಗಿ ಅಂಟಿತು, ಫೆರಿಕ್ ಕ್ಲೋರೈಡೂ ಬೇಡದ ತಾಮ್ರವನ್ನು ಚೆನ್ನಾಗಿ ತಿಂದಿತು, ರಂಧ್ರವನ್ನೂ ಕೊರೆದೆ. ಸಾಕೆಟ್ ಕೂರಿಸಿ ನೋಡಿದರೆ 1ನೇ ಪಿನ್ ಇರಬೇಕಾದ ಕಡೆ 28! ನಾನು ಜಾಣತನ ಮಾಡಿ ಮುದ್ರಿಸುವಾಗ ಕನ್ನಡಿ ಬಿಂಬ ಮಾಡಿಸಿದ್ದೆ. ತಾಮ್ರ ಬೋರ್ಡಿನ ಕೆಳಗಿನ ಪದರದಲ್ಲಿರುತ್ತದೆ. ನಕ್ಷೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆದಿರುತ್ತೇವೆ. ಹಾಳೆ ಬೋರಲು ಹಾಕಿದಾಗ ಅದು ತಾನಾಗಿಯೇ ತಿರುಗುತ್ತದೆ. ಇನ್ನೊಮ್ಮೆ ತಿರುಗಿಸಬಾರದು. ಕೆಳಪದರದಲ್ಲಿ ನಿಮ್ಮ ಊರಿನ ಹೆಸರನ್ನೋ ಯಾವುದಾದರೂ ಒಂದು ಅಕ್ಷರವನ್ನೋ ಬರೆದಿಡಿ. ಹಾಳೆಯ ಮೇಲೆ ಅದು ಉಲ್ಟಾ ಕಾಣಬೇಕು, ತಾಮ್ರದ ಮೇಲೆ ನೇರ ಓದಬೇಕು. ಹೀಗಿದ್ದರೆ ಸರಿ ಇದೆ ಅಂತ ಲೆಕ್ಕ.

ಎರಡನೇ ಸಲ ನಿಧಾನ ಮಾಡಿದೆ. ತಾಮ್ರವನ್ನು ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಉಜ್ಜಿ, ಸೋಪಿನಲ್ಲಿ ತೊಳೆದು, ಆಮೇಲೆ ಬೆರಳು ಮುಟ್ಟಿಸಲಿಲ್ಲ. ಇಸ್ತ್ರಿ ಪೆಟ್ಟಿಗೆ ಪೂರ್ತಿ ಕಾವಿನಲ್ಲಿ ನಾಲ್ಕೈದು ನಿಮಿಷ, ಅಂಚುಗಳಿಗೆ ಜಾಸ್ತಿ ಒತ್ತು. ಬಿಸಿಯಾಗಿದ್ದಾಗ ಹಾಳೆ ಎಳೆಯಬೇಡಿ. ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಉಜ್ಜಿ ತೆಗೆಯಿರಿ. ಫೆರಿಕ್ ಕ್ಲೋರೈಡನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲೇ ಕಲಸಿ, ಸ್ಟೀಲ್ ಪಾತ್ರೆ ಮುಟ್ಟಬೇಡಿ. ನಾನು ಅಂಗಳದಲ್ಲಿ ಗ್ಲೌಸ್ ಹಾಕಿಕೊಂಡು ಮಾಡಿದೆ. ಆದರೂ ಕಡಪ ಕಲ್ಲಿನ ಮೇಲೆ ನಾಲ್ಕು ಹನಿ ಬಿದ್ದು ಕಂದು ಕಲೆ ಉಳಿದಿದೆ, ಇನ್ನೂ ಹೋಗಿಲ್ಲ. ಮುಗಿದ ನೀರನ್ನು ಚರಂಡಿಗೆ, ಹೊಲಕ್ಕೆ ಸುರಿಯಬೇಡಿ. ಅದರಲ್ಲಿ ಕರಗಿದ ತಾಮ್ರ ಇರುತ್ತದೆ. ಬಾಟಲಿಯಲ್ಲಿ ಮುಚ್ಚಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಟ್ಟಿದ್ದೇನೆ. ಮತ್ತೆರಡು ಬೋರ್ಡಿಗೆ ಆಗುತ್ತದೆ.

ಬೆಸುಗೆ ಹಾಕುವಾಗ ಒಂದು ನಿಯಮ ಇಟ್ಟುಕೊಂಡೆ. ಪ್ಯಾನೆಲ್ ಬೋರ್ಡಿನಲ್ಲಿ ಹೇಗೆ ಒಂದೊಂದು ಸರ್ಕ್ಯೂಟನ್ನೂ ಟೆಸ್ಟ್ ಲ್ಯಾಂಪ್ ಹಾಕಿ ನೋಡಿಯೇ ಮುಂದೆ ಹೋಗುತ್ತೇವೋ ಹಾಗೆ. ಮೊದಲು ರೆಗ್ಯುಲೇಟರ್ ಮಾತ್ರ ಹಾಕಿ 3.3 ವೋಲ್ಟ್ ಬರುತ್ತಾ ನೋಡಿದೆ. ಆಮೇಲೆ ಸಾಕೆಟ್. ಚಿಪ್ಪು ಇಲ್ಲದೇ 7ನೇ ಮತ್ತು 8ನೇ ಪಿನ್ ನಡುವೆ ಮಲ್ಟಿಮೀಟರ್ ಹಿಡಿದರೆ ಕೂಗಿತು. ಶಾರ್ಟ್! ಎಲ್ಲಿ ಅಂತ ಕಣ್ಣಿಗೆ ಕಾಣಲಿಲ್ಲ. ಬೋರ್ಡನ್ನು ಬಿಸಿಲಿಗೆ ಹಿಡಿದು ಹಿಂದಿನಿಂದ ಬೆಳಕು ಬಿಟ್ಟಾಗ ಸಾಕೆಟ್ ಹಾಕುವಾಗ ಹರಿದ ಕೂದಲಿನಷ್ಟು ಬೆಸುಗೆಯ ಎಳೆ ಕಂಡಿತು. ಬ್ಲೇಡಿನಿಂದ ಕೆರೆದೆ. ಅಳೆಯದೇ ಚಿಪ್ಪು ಹಾಕಿ ಕರೆಂಟ್ ಕೊಟ್ಟಿದ್ದರೆ ಬೋರ್ಡು ಓಡುತ್ತಲೇ ಇರಲಿಲ್ಲ.

ಈಗ ಚಿಪ್ಪಿನ ಸಂಕಟ. ಹೊಸ ಎಟಿಮೆಗಾ328ಪಿ ಕಾರ್ಖಾನೆಯಿಂದ ಬರುವಾಗ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುವ ಹಾಗೆ ಇರುತ್ತದೆ. ಅದನ್ನು ಬದಲಿಸೋದು ಫ್ಯೂಸ್ ಅನ್ನುವ ಸೆಟ್ಟಿಂಗಿನಿಂದ. ನಮ್ಮ ವೈರಿಂಗ್ ಫ್ಯೂಸಿಗೂ ಇದಕ್ಕೂ ಸಂಬಂಧ ಇಲ್ಲ. ಯುನೋವನ್ನೇ ಪ್ರೋಗ್ರಾಮರ್ ಮಾಡಿಕೊಂಡು, ಕಂಪ್ಯೂಟರಿನ ಆರ್ಡುಯಿನೋ ಸಾಫ್ಟ್‌ವೇರಿಗೆ ಮಿನಿಕೋರ್ ಅನ್ನುವುದನ್ನು ಸೇರಿಸಿ, ಮೆನುವಿನಲ್ಲಿ ಇಂಟರ್ನಲ್ 8 ಮೆಗಾಹರ್ಟ್ಸ್ ಆರಿಸಿ, ಬರ್ನ್ ಬೂಟ್‌ಲೋಡರ್ ಒತ್ತಬೇಕು. ನಾನು ಮೆನು ಬದಲಿಸದೇ ಒತ್ತಿಬಿಟ್ಟೆ. ಅಲ್ಲಿ ಎಕ್ಸ್‌ಟರ್ನಲ್ 16 ಅಂತಲೇ ಇತ್ತು. ಕ್ಷಣದಲ್ಲಿ ಚಿಪ್ಪು ಸತ್ತ ಹಾಗೆ ಆಯಿತು. ಏನು ಕೇಳಿದರೂ ಉತ್ತರ ಇಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. 280 ರೂಪಾಯಿ ಹೋಯಿತು ಅನ್ನೋದಕ್ಕಿಂತ, ನನ್ನಿಂದ ಆಗೋದಿಲ್ಲ ಅನ್ನೋ ಯೋಚನೆ ಕಾಡಿತು. ಎರಡು ದಿನ ಆ ಕಡೆ ತಿರುಗಿ ನೋಡಲಿಲ್ಲ. ಮೂರನೇ ದಿನ ಅಕ್ಕನ ಮಗ ಫೋನ್ ಮಾಡಿ, "ಮಾಮ, ಅದು ಸತ್ತಿಲ್ಲ. ಹೊರಗಿನ ಗಡಿಯಾರಕ್ಕೆ ಕಾಯ್ತಾ ಕೂತೈತಿ, ಅಷ್ಟೇ" ಅಂದ. ಬ್ರೆಡ್‌ಬೋರ್ಡಿನಲ್ಲಿ 9 ಮತ್ತು 10ನೇ ಪಿನ್ನಿಗೆ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡೂ ಕಡೆಯಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್ ಕೆಪಾಸಿಟರ್. ಚಿಪ್ಪು ಕಣ್ಣು ಬಿಟ್ಟಿತು. ಮೆನು ಸರಿ ಮಾಡಿ ಮತ್ತೆ ಬರೆದೆ. ನೀವು ಕ್ರಿಸ್ಟಲ್ ಬಳಸದಿದ್ದರೂ ಡಬ್ಬಿಯಲ್ಲಿ ಒಂದು ಇಟ್ಟುಕೊಳ್ಳಿ. ಪ್ರೋಗ್ರಾಂ ಹಾಕುವುದನ್ನು ಬ್ರೆಡ್‌ಬೋರ್ಡಿನಲ್ಲೇ ಮುಗಿಸಿ, ಆಮೇಲೆ ಚಿಪ್ಪನ್ನು ಬೋರ್ಡಿನ ಸಾಕೆಟ್ಟಿಗೆ ಹಾಕಿ. ಯುನೋದ 5 ವೋಲ್ಟ್ ಮೆಮೊರಿ ಕಾರ್ಡಿಗೆ ಹೋಗಬಾರದು, ಅದು 3.3 ವೋಲ್ಟಿನ ಜೀವ.

ಕಾರ್ಡಿನದೂ ಒಂದು ಕಥೆ ಇದೆ. 60 ರೂಪಾಯಿಗೆ ಸಿಗುವ ಮೈಕ್ರೋ ಎಸ್‌ಡಿ ಮಾಡ್ಯೂಲಿನಲ್ಲಿ ಅದರದೇ ರೆಗ್ಯುಲೇಟರ್ ಇರುತ್ತದೆ, 5 ವೋಲ್ಟ್ ಕೊಡಬೇಕು. ನಾನು 3.3 ಕೊಟ್ಟೆ. ಕಾರ್ಡಿಗೆ ಎರಡೂವರೆ ವೋಲ್ಟಿಗಿಂತ ಕಡಿಮೆ ಸಿಕ್ಕಿ ಒಮ್ಮೆ ಬರೆಯುತ್ತಿತ್ತು, ಒಮ್ಮೆ ಇಲ್ಲ. ರೆಗ್ಯುಲೇಟರ್ ಇಲ್ಲದ ಸಾದಾ ಅಡಾಪ್ಟರ್ ತರಿಸಿದ ಮೇಲೆ ಸರಿಹೋಯಿತು. ಕಾರ್ಡು ಬರೆಯುವ ಗಳಿಗೆಯಲ್ಲಿ ಜಾಸ್ತಿ ಕರೆಂಟ್ ಎಳೆಯುತ್ತದೆ. ಅದರ ಪಕ್ಕದಲ್ಲೇ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕಾರ್ಡನ್ನು ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಮಾಡಿ, ಒಂದೊಂದು ಸಾಲು ಬರೆದ ತಕ್ಷಣ ಫೈಲ್ ಮುಚ್ಚಿ.

ಸಮಯಕ್ಕೆ ಡಿಎಸ್3231 ಮಾಡ್ಯೂಲ್. ಇದು ಗಂಟೆ, ದಿನಾಂಕ ಹೇಳುವ ಬೇರೆ ಗಡಿಯಾರ, ಬಹಳ ನಿಖರ, ವರ್ಷಕ್ಕೆ ಒಂದು ನಿಮಿಷದಷ್ಟು ಆಚೀಚೆ. ಅಗ್ಗದ ಮಾಡ್ಯೂಲಿನಲ್ಲಿ ನಾಣ್ಯದ ಸೆಲ್ಲನ್ನು ಚಾರ್ಜ್ ಮಾಡುವ ವ್ಯವಸ್ಥೆ ಇರುತ್ತದೆ. ನಾವು ಹಾಕುವ ಸಿಆರ್2032 ಚಾರ್ಜ್ ಆಗುವಂಥದ್ದಲ್ಲ, ಊದಿಕೊಳ್ಳಬಹುದು. ಅಲ್ಲಿನ 200 ಓಮ್ ರೆಸಿಸ್ಟರನ್ನು ಬೆಸುಗೆ ಕರಗಿಸಿ ತೆಗೆದುಬಿಡಿ.

ಮೊದಲು ಚಿಪ್ಪಿನ ವಾಚ್‌ಡಾಗ್ ಟೈಮರಿನಿಂದ ಎಬ್ಬಿಸುತ್ತಿದ್ದೆ, 8 ಸೆಕೆಂಡಿನ ನಿದ್ದೆ 75 ಸಲ. ಹತ್ತು ನಿಮಿಷ ಅಂತ ಲೆಕ್ಕ, ಆದರೆ ಸಮಯ ಜಾರುತ್ತಾ ಹೋಯಿತು. ಆಮೇಲೆ ಗಡಿಯಾರದ ಅಲಾರಂ ತಂತಿಯನ್ನು 4ನೇ ಪಿನ್ನಿಗೆ ಕೊಟ್ಟು ಅದರಿಂದಲೇ ಎಬ್ಬಿಸಿದೆ. ಒಂದು ಸಾಲು ಬರೆದು ನಿಂತುಬಿಟ್ಟಿತು. ಎದ್ದ ಮೇಲೆ ಅಲಾರಂ ಗುರುತನ್ನು ಅಳಿಸಬೇಕು, ಇಲ್ಲದಿದ್ದರೆ ಮುಂದಿನ ಅಲಾರಂ ಬರುವುದೇ ಇಲ್ಲ. ಇದಕ್ಕೆ ಒಂದು ಇಡೀ ಸಂಜೆ ಕೊಟ್ಟೆ.

ಎಲ್ಲ ಸೇರಿಸಿ ನಿದ್ದೆಯ ಕರೆಂಟ್ ಅಳೆದರೆ 6 ಮಿಲಿಆ್ಯಂಪ್! ಒಂದೊಂದನ್ನೇ ಬಿಚ್ಚಿ ಅಳೆದೆ. ಗಡಿಯಾರ ಮಾಡ್ಯೂಲಿನ ಕೆಂಪು ದೀಪ, ನಾನೇ ಹಾಕಿದ್ದ ಹಸಿರು ದೀಪ, ನಿದ್ದೆಗೆ ಮುಂಚೆ ಆಫ್ ಮಾಡದ ಎಡಿಸಿ (ವೋಲ್ಟೇಜನ್ನು ಅಂಕೆಗೆ ತಿರುಗಿಸುವ, ಚಿಪ್ಪಿನೊಳಗಿನ ಭಾಗ). ದೀಪ ಎರಡನ್ನೂ ತೆಗೆದೆ, ಎಡಿಸಿ ಆಫ್ ಮಾಡಿಸಿದೆ. ಈಗ ಸರಾಸರಿ 1 ಮಿಲಿಆ್ಯಂಪಿನ ಹತ್ತಿರ ಇದೆ, ಅದರಲ್ಲಿ ಬಹುಪಾಲು ಮೆಮೊರಿ ಕಾರ್ಡಿನದು. ಲೆಕ್ಕದ ಪ್ರಕಾರ ಒಂದು ಸೆಲ್ಲು ನೂರು ದಿನ. ನಾನು ಐವತ್ತು ಅಂತ ಇಟ್ಟುಕೊಂಡಿದ್ದೇನೆ.

ಮಾರ್ಚ್ ಕೊನೆಗೆ ಮನೆಯಲ್ಲಿ ಅಳವಡಿಸಿದೆ. ಒಂದು ಸೆನ್ಸರ್ ಮಾಳಿಗೆ ಕೋಣೆಯ ನಡುವೆ, ಒಂದು ಸ್ಲ್ಯಾಬ್ ಕೋಣೆಯ ನಡುವೆ, ಒಂದು ಸ್ಲ್ಯಾಬಿನ ತಳಕ್ಕೆ ಅಂಟಿಸಿದ್ದು, ಇನ್ನೊಂದು ಹೊರಗೆ. ತಂತಿ ಉದ್ದ ಆದಾಗ −127 ಮತ್ತೆ ಬಂತು. ನಾಲ್ಕು ದಿಕ್ಕಿಗೆ ನಾಲ್ಕು ತಂತಿ ಎಳೆಯುವ ಬದಲು ಒಂದೇ ತಂತಿಯನ್ನು ಸಾಲಾಗಿ ಎಳೆದು, ರೆಸಿಸ್ಟರನ್ನು 2.2 ಕಿಲೋ ಓಮ್‌ಗೆ ಇಳಿಸಿದೆ. ಹೊರಗಿನ ಸೆನ್ಸರ್ ಮೊದಲು ಪಡುವಣ ಗೋಡೆಗೆ ತಾಗಿತ್ತು, 47 ತೋರಿಸಿತು. ಅದು ಗೋಡೆಯ ಬಿಸಿ, ಗಾಳಿಯದಲ್ಲ. ಬಡಗಣ ಕಟ್ಟೆಯ ನೆರಳಿಗೆ, ಗೋಡೆಯಿಂದ ಗೇಣು ದೂರಕ್ಕೆ ತಂದೆ. ಐದನೇ ದಿನ ಮಾಳಿಗೆಯ ತಂತಿಯನ್ನು ಇಲಿ ಕಡಿದು ಹಾಕಿತು. ಮಿಲ್ಲಿನಲ್ಲಿ ಉಳಿದಿದ್ದ ಪಿವಿಸಿ ಪೈಪು ಕೇಳಿ ತಂದು ಅದರೊಳಗೆ ಹಾಯಿಸಿದೆ. ಆ ದಿನದಿಂದ ಮತ್ತೆ ಒಂದರಿಂದ ಎಣಿಸೋಕೆ ಶುರು ಮಾಡಿದ್ದೇ ಈ 3024.

ಒಟ್ಟು ಖರ್ಚು, ಹೈದರಾಬಾದಿಗೆ ಹೋಗಿ ಬಂದದ್ದು ಬಿಟ್ಟು, 2650 ರೂಪಾಯಿ. ಪುಟ್ಟ ಡ್ರಿಲ್ಲಿನ 450 ಅದರಲ್ಲೇ ಸೇರಿದೆ. ಎರಡನೇ ಬೋರ್ಡು ಮಾಡಿದರೆ 1500ರ ಒಳಗೆ ಆಗುತ್ತದೆ.

ಏಪ್ರಿಲಿನ ಒಂದು ದಿನ ನೋಡಿ. ಮಧ್ಯಾಹ್ನ 3:40ಕ್ಕೆ ಹೊರಗೆ 41.6. ಆ ಹೊತ್ತಿಗೆ ಮಾಳಿಗೆ ಕೋಣೆ 33.9, ಸ್ಲ್ಯಾಬ್ ಕೋಣೆ 37.2. ಹೊರಗೆ ಇಳಿಯತೊಡಗಿದ ಮೇಲೂ ಸ್ಲ್ಯಾಬಿನ ತಳ ಏರುತ್ತಲೇ ಇತ್ತು. ಸಂಜೆ 7ಕ್ಕೆ 42 ದಾಟಿತು. ರಾತ್ರಿ 9ಕ್ಕೆ ಹೊರಗೆ 34, ಸ್ಲ್ಯಾಬ್ ಕೋಣೆಯಲ್ಲಿ ಇನ್ನೂ 38, ಮಾಳಿಗೆಯಲ್ಲಿ 34.5. ಅವ್ವ ಹೇಳಿದ್ದ ರಾತ್ರಿ ಇದೇ.

ಹಾಳೆಯ ಮೇಲೆ ಮೂರು ಬಣ್ಣದ ಗೆರೆಯಲ್ಲಿ ಬರೆದು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಯಾವ ಗೆರೆ ಯಾವುದು ಅಂತ ಎರಡು ಸಲ ಕೇಳಿದರು. ಆಮೇಲೆ ಹೇಳಿದರು: "ಶಕಿ ಲೆಕ್ಕ ಒಪ್ಪಿದೆನಪ್ಪ. ಆದ್ರ ನಾನು ಹೇಳಿದ್ದು ಸೋರಾದು. ಅದನ್ನ ಅಳಿಯಾಕ ಬರ್ತೈತೇನು?"

ಬರುತ್ತದೆ. ಬೋರ್ಡಿನಲ್ಲಿ 23ನೇ ಪಿನ್ ಖಾಲಿ ಬಿಟ್ಟಿದ್ದೇನೆ, ಅದು ವೋಲ್ಟೇಜ್ ಎಷ್ಟಿದೆ ಅಂತ ಅಳೆಯಬಲ್ಲ ಅನಲಾಗ್ ಪಿನ್. ಜಂತಿಯ ಮೇಲಿನ ಹಲಗೆಗೆ ಎರಡು ತಾಮ್ರದ ತಂತಿಯನ್ನು ಬೆರಳಗಲ ಬಿಟ್ಟು ಕೂರಿಸಿದರೆ ತೇವ ಆದಾಗ ನಡುವಿನ ರೋಧ ಇಳಿಯುತ್ತದೆ. ತಂತಿಗೆ ಸದಾ ಕರೆಂಟ್ ಕೊಟ್ಟರೆ ಕಿಲುಬು ಹಿಡಿಯುತ್ತದೆ, ಹಾಗಾಗಿ ಓದುವ ಕ್ಷಣದಲ್ಲಿ ಮಾತ್ರ ಕೊಡುವಂತೆ ಪ್ರೋಗ್ರಾಂ ಬದಲಿಸುತ್ತಿದ್ದೇನೆ. ಮುಂಗಾರಿಗೆ ಇನ್ನೂ ಐದಾರು ವಾರ ಇದೆ. ಅಷ್ಟರೊಳಗೆ ಮಾಳಿಗೆಗೆ ಒಂದು ಬಂಡಿ ಸವಳು ಮಣ್ಣು ಹಾಕಿಸೋಣ ಅಂತ ಅವ್ವ ಹೇಳಿದ್ದಾಳೆ, ಅಪ್ಪ ಬೇಡ ಅಂದಿಲ್ಲ.